ಕೆಳಗಿನ ಎಡ ಮೂಲೆ

ಅಣ್ಣನ ಹೆಂಡತಿಯನ್ನು ತಾನು ಈವರೆಗೆ ಏನೆಂದೂ ಕರೆದೇ ಇಲ್ಲ ಎಂಬುದನ್ನು ಸುಪ್ರೀತಾ ಗುರುವಾರ ಬೆಳಿಗ್ಗೆ, ಗಲ್ಫಿನ ಟುಬ್ಲಿಯಲ್ಲಿ ತಾನು ಕೆಲಸ ಮಾಡುವ ಅಂಗಡಿಯಲ್ಲಿ ಕಂಪ್ಯೂಟರ್ ತೆರೆದುಕೊಳ್ಳುವುದನ್ನು ಕಾಯುತ್ತ ಕೂತಿದ್ದಾಗ, ತನ್ನಷ್ಟಕ್ಕೆ ಒಪ್ಪಿಕೊಂಡಳು. ಗೊತ್ತಿರಲಿಲ್ಲ ಎಂದಲ್ಲ. ಬೆನ್ನ ಮೇಲಿನ ಮಚ್ಚೆಯ ಹಾಗೆ, ಇದೆ ಎಂದು ಗೊತ್ತಿತ್ತು, ಕನ್ನಡಿ ಹಿಡಿದು ನೋಡಿಕೊಂಡಿರಲಿಲ್ಲ ಅಷ್ಟೆ. ಕನ್ನಡದಲ್ಲಿ ಇದೊಂದು ಅನುಕೂಲ, ಕರೆಯದೆಯೇ ಎಷ್ಟು ಬೇಕಾದರೂ ಮಾತಾಡಬಹುದು. 'ಊಟ ಆಯ್ತಾ?' ಅಂದರೆ ಸಾಕು, ಯಾರದ್ದು ಎಂದು ಹೇಳಬೇಕಿಲ್ಲ. 'ಮತ್ತೆ ಎಂತ ವಿಶೇಷ?' ಅಂದರೂ ಆಯಿತು. ಅಣ್ಣನ ಮದುವೆಯಾಗಿ ಎರಡು ವರ್ಷ ಹೀಗೇ ಸಾಗಿತ್ತು. ಅವರ ನಂಬರನ್ನು ಫೋನಿನಲ್ಲಿ 'ಅಣ್ಣ 2' ಎಂದು ಉಳಿಸಿಕೊಂಡಿದ್ದಳು. ತಾನೊಬ್ಬಳೇ ಓದುವ ದಿನಚರಿಯಲ್ಲಿ ಕೂಡ 'ಅವರು ಅಂಗಡಿಗೆ ಬಂದಿದ್ದರು, ತಿನ್ನಲು ಸನ್ನ ತಂದಿದ್ದರು' ಎಂದು ಬರೆದು, ಆ ಅವರು ಯಾರು ಎಂಬುದನ್ನು ಪುಟಕ್ಕೂ ತಿಳಿಸದೆ ಮುಚ್ಚಿಟ್ಟಿದ್ದಳು. ಅವರ ಹೆಸರು ರೋಶೆಲ್. ಹೆಸರು ಹಿಡಿದು ಕರೆಯಲು ಅವರು ಅಣ್ಣನಿಗಿಂತಲೂ ಒಂದು ವರ್ಷಕ್ಕೆ ದೊಡ್ಡವರು. ಇನ್ನೊಂದು ಶಬ್ದವಿತ್ತು. ಅದು ಮನೆಯಲ್ಲಿ ಬಹಳ ಹಿಂದಿನಿಂದ ಇದ್ದದ್ದೇ, ಮನುಷ್ಯರಿಗಿಂತ ಮೊದಲೇ ಬಂದು ಕೂತದ್ದು. ಸುಪ್ರೀತಾ ಚಿಕ್ಕವಳಿದ್ದಾಗ ತಲೆ ಬಾಚಿದ ಕೂದಲನ್ನು ಬಚ್ಚಲಲ್ಲೇ ಬಿಟ್ಟರೆ, ಕುಡಿದ ಲೋಟವನ್ನು ಸೋಫಾದ ಕೆಳಗೆ ತಳ್ಳಿದರೆ, ಅಮ್ಮ ಹೇಳುತ್ತಿದ್ದಳು, "ಬರ್ಲಿ, ಅತ್ತಿಗೆ ಬರ್ಲಿ, ಆಗ ಗೊತ್ತಾಗ್ತದೆ ನಿಂಗೆ." ಆ ಅತ್ತಿಗೆ ಸುಪ್ರೀತಾಳ ಮನಸ್ಸಿನಲ್ಲಿ ಎತ್ತರಕ್ಕಿದ್ದಳು, ಸೊಂಟಕ್ಕೆ ಕೈ ಇಟ್ಟುಕೊಂಡಿದ್ದಳು, ಸ್ವಲ್ಪ ಅಮ್ಮನ ಹಾಗೆಯೇ ಇದ್ದಳು. ಅಣ್ಣ ಪ್ರಖ್ಯಾತ್ ಮಂಗಳೂರಿನ ಇಗರ್ಜಿಯಲ್ಲಿ, ಮನೆಯಿಂದ ಯಾರೂ ಹೋಗದ ಮದುವೆಯಲ್ಲಿ, ರೋಶೆಲ್‌ಗೆ ಉಂಗುರ ತೊಡಿಸಿದ ದಿನದಿಂದ ಅಮ್ಮ ಆ ಶಬ್ದವನ್ನು ಆಡಲಿಲ್ಲ. 'ಅವಳು' ಎನ್ನುತ್ತಿದ್ದಳು. ಪಪ್ಪ ಅದನ್ನೂ ಹೇಳದೆ 'ಆ ಕಡೆ' ಎನ್ನುತ್ತಿದ್ದರು, ಕಸ್ಟಮ್ಸ್ ಗೇಟಿನ ಆ ಕಡೆ ಎನ್ನುವ ಹಾಗೆ.

"ಇಂಜಿನಿಯರಮ್ಮ, ಫೈಲ್ ರೆಡಿಯಾ? ಕ್ಯಾನ್ವಾಸ್ ಹಾಕಿ ಇಟ್ಟಾಗಿದೆ," ಎಂದು ಒಳಗಿನಿಂದ ಶೈಲೇಶಣ್ಣ ಕೂಗಿದರು. ಅಂಗಡಿ ಅವರದ್ದು. ಬೋರ್ಡು, ಗಾಡಿಗೆ ಅಂಟಿಸುವ ಸ್ಟಿಕ್ಕರ್, ಮೀನಾ ಸಲ್ಮಾನ್ ಬಂದರಿನ ಗೋದಾಮುಗಳಿಗೆ ಗುರುತಿನ ಕಾರ್ಡು, ಹೀಗೆ ಏನೇನೋ ಕೆಲಸ. ಪಪ್ಪನ ಪರಿಚಯದಿಂದ ಸಿಕ್ಕ ನೌಕರಿ. ಕಂಪ್ಯೂಟರ್ ಸೈನ್ಸ್ ಓದಿ ಬಂದ ಹುಡುಗಿಗೆ ಕೌಂಟರಿನಲ್ಲಿ ಕೂತು ಬಿಲ್ಲು ಹರಿಯುವುದಕ್ಕಿಂತ ಸ್ವಲ್ಪ ಮೇಲಿನದು ಏನಾದರೂ ಕೊಡಬೇಕೆಂದು ಶೈಲೇಶಣ್ಣ ಕಾರ್ಡಿಗೊಂದು ಪ್ರೋಗ್ರಾಮ್ ಬರೆಯಲು ಹೇಳಿದ್ದರು. ಅವಳು ಬರೆದಳು. ಒಂದು ಕಿಟಕಿ, ಅದರಲ್ಲಿ ಮೂರು ಬಟನ್. ಮೊದಲನೆಯದು ಹಿನ್ನೆಲೆಯ ಚಿತ್ರ ತೆಗೆದುಕೊಳ್ಳಲು, ಎರಡನೆಯದು ಮನುಷ್ಯನ ಫೋಟೋ ತೆಗೆದುಕೊಳ್ಳಲು, ಮೂರನೆಯದು ಸೇರಿಸಲು. ಚಿತ್ರವೆಂದರೆ ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕೆಗಳು, ಬೇರೇನೂ ಅಲ್ಲ, ಮುಖವೂ ಚುಕ್ಕೆ, ಗೋಡೆಯೂ ಚುಕ್ಕೆ. ಚುಕ್ಕೆಗಳ ಇಂಥ ಒಂದು ಬಿಟ್‌ಮ್ಯಾಪಿನ ಮೇಲೆ ಇನ್ನೊಂದನ್ನು ಕೂರಿಸುವಾಗ, ಮೇಲಿನದರಲ್ಲಿ ಯಾವ ಬಣ್ಣವನ್ನು ಬಿಟ್ಟುಬಿಡಬೇಕು ಎಂದು ಹೇಳಬೇಕು. ಆಗ ಆ ಬಣ್ಣದ ಚುಕ್ಕೆಗಳು ಗಾಜಿನಂತಾಗಿ ಕೆಳಗಿನ ಚಿತ್ರ ಕಾಣುತ್ತದೆ. ಹೇಳದಿದ್ದರೆ ಪ್ರೋಗ್ರಾಮ್ ಜಗಳಕ್ಕೇನೂ ಬರುವುದಿಲ್ಲ. ಚಿತ್ರದ ಕೆಳಗಿನ ಎಡ ಮೂಲೆಯ ಚುಕ್ಕೆಯನ್ನು ನೋಡಿ, ಇದೇ ಹಿನ್ನೆಲೆಯಿರಬೇಕು ಎಂದುಕೊಂಡು, ಆ ಬಣ್ಣ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತೆಗೆದುಹಾಕುತ್ತದೆ. ಸುಪ್ರೀತಾ ಹೇಳದೆ ಬಿಟ್ಟಿದ್ದಳು. ಕಾರ್ಡಿನ ಫೋಟೋಗಳೆಲ್ಲ ಬಿಳಿ ಗೋಡೆಯ ಮುಂದೆ ತೆಗೆದವು, ಮೂಲೆ ಯಾವಾಗಲೂ ಬಿಳಿ, ಹೇಳುವ ಅಗತ್ಯ ಕಾಣಲಿಲ್ಲ. ನೆರಳು ಬಿದ್ದ ಬಿಳಿಯೂ ಹೋಗಲಿ ಎಂದು, ಹತ್ತಿರದ ಛಾಯೆಗಳನ್ನೂ ಬಿಡುವ ಹಾಗೆ ಇನ್ನೆರಡು ಸಾಲು ಸೇರಿಸಿದಳು. ಅದರ ಮರುವಾರವೇ ಗೋದಾಮಿನ ಕಾವಲುಗಾರ ಮುಂಡಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದದ್ದು. ಕಾರ್ಡು ಹೊರಗೆ ಬಂದಾಗ ಕಂಪೆನಿಯ ನೀಲಿ ಅಲೆಗಳ ಮೇಲೆ ಬರೇ ಒಂದು ತಲೆ ತೇಲುತ್ತಿತ್ತು.

"ಅಯ್ಯೋ, ಮುಂಡಪ್ಪನ ಮುಂಡವೇ ಹೋಯ್ತಲ್ಲ ಮಾರಾಯ್ತಿ!" ಎಂದು ಶೈಲೇಶಣ್ಣ ಕಾರ್ಡನ್ನು ಎತ್ತಿ ಹಿಡಿದು ಅಂಗಡಿಗೆಲ್ಲ ತೋರಿಸಿದರು. ಲ್ಯಾಮಿನೇಷನ್ ಮೆಷಿನ್ನಿನ ಹತ್ತಿರ ನಿಂತವರು, ಬೋರ್ಡು ಕೊಂಡುಹೋಗಲು ಬಂದವರು, ಎಲ್ಲರೂ ನಕ್ಕರು. ಸುಪ್ರೀತಾಳ ಕಿವಿ ಬಿಸಿಯಾಗಿ, ಕೀಬೋರ್ಡಿನ ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಂಡವು. ಮುಂಡಪ್ಪ ಮಾತ್ರ ಕಾರ್ಡನ್ನು ಹತ್ತಿರ ಹಿಡಿದು ನೋಡಿ, "ತೊಂದ್ರೆ ಇಲ್ಲಮ್ಮ, ಮುಖ ಉಂಟಲ್ಲ. ಗೇಟಿನಲ್ಲಿ ಮುಖ ಮಾತ್ರ ನೋಡುದು," ಎಂದ. ಆ ಸಮಾಧಾನ ಅವಳಿಗೆ ನಗುವಿಗಿಂತ ಹೆಚ್ಚು ಚುಚ್ಚಿತು. ಮರುದಿನದಿಂದ ಗೋಡೆಗೆ ಹಸಿರು ಬಟ್ಟೆ ಹೊಡೆದರು, ಹಸಿರು ಅಂಗಿಯವರು ಬರಲಿಲ್ಲ, ಪ್ರೋಗ್ರಾಮನ್ನು ಅವಳು ತಿದ್ದಲಿಲ್ಲ. ತಿದ್ದದೆ ಬಿಟ್ಟದ್ದನ್ನು ಯಾರೂ ಕೇಳಲಿಲ್ಲ. ಅವಳ ಬದುಕಿನ ಬಹುಪಾಲು ವಿಷಯಗಳು ಹೀಗೇ, ಗೋಡೆಗೆ ಒಂದು ಬಟ್ಟೆ ಹೊಡೆದ ಮೇಲೆ ಮರೆತುಹೋದವು.

"ರೆಡಿ, ಕಳಿಸಿದೆ," ಎಂದಳು ಈಗ. ಒಳಗೆ ಪ್ರಿಂಟರ್ ಗುರ್ ಎಂದು ಶುರುವಾಯಿತು. ಪಪ್ಪನಿಗೆ ಅರವತ್ತು ತುಂಬುತ್ತದೆ ನಾಳೆ. ಶಾಂತಿ ಗೀಂತಿ ಎಲ್ಲ ಊರಿಗೆ ಹೋದಾಗ, ಇಲ್ಲಿ ರಿಫಾದ ಫ್ಲ್ಯಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಒಂದು ಊಟ, ನಾಲ್ಕು ಜನ ಪರಿಚಯದವರು. ಹೋದ ಶನಿವಾರ ಅಮ್ಮ ಬಟಾಣಿ ಬಿಡಿಸುತ್ತ ಕೂತಿದ್ದವಳು ಇದ್ದಕ್ಕಿದ್ದ ಹಾಗೆ, "ಈ ಮನೆಯಲ್ಲಿ ನಾವು ನಾಲ್ಕು ಜನ ಒಟ್ಟಿಗೆ ಇರುವ ಒಂದು ಫೋಟೋ ಇಲ್ಲ ನೋಡು," ಅಂದಳು. "ನೀನು ಕಾರ್ಡಿಗೆ ಸೇರಿಸುದಿಲ್ವಾ, ಹಾಗೆ ಪ್ರಖ್ಯಾತನನ್ನೂ ಸೇರಿಸು. ದೊಡ್ಡದು ಮಾಡಿಸು. ಪಪ್ಪನಿಗೆ ಹೇಳ್ಬೇಡ."

"ಅಣ್ಣನನ್ನು ಮಾತ್ರವಾ?"

ಅಮ್ಮ ಒಂದು ಬಟಾಣಿ ಸಿಪ್ಪೆಯನ್ನು ಉಗುರಿನಿಂದ ಸೀಳಿ, ಒಳಗೆ ಹುಳ ಇದೆಯೋ ಎಂದು ನೋಡಿ, "ನಾಲ್ಕು ಜನ ಅಂದೆನಲ್ಲ," ಎಂದಳು. ಆಮೇಲೆ ಫೋನು ಮಾಡಿ ಅಣ್ಣನನ್ನು ಊಟಕ್ಕೆ ಕರೆದಳು. ಸುಪ್ರೀತಾ ಪಕ್ಕದಲ್ಲೇ ಇದ್ದಳು. ಅಮ್ಮ "ಬಾ ಮಗ" ಎಂದಳು, "ಬನ್ನಿ" ಎನ್ನಲಿಲ್ಲ. ಒಂದೇ ಅಕ್ಷರದ ಮಾತು. ಆ ಕಡೆ ಅಣ್ಣ ಇನ್ನೇನಾದರೂ ಬರುತ್ತದೋ ಎಂದು ಕಾದದ್ದು ಫೋನಿನ ಹೊರಗೂ ಕೇಳಿಸುವ ಹಾಗಿತ್ತು. "ಆಯ್ತು," ಅಂದ. ಅಮ್ಮ ಫೋಟೋದ ವಿಷಯಕ್ಕೆಂದು ಫೋನನ್ನು ಸುಪ್ರೀತಾಳಿಗೆ ದಾಟಿಸಿ ಅಡುಗೆಮನೆಗೆ ಹೋದಳು. ಅಣ್ಣನೂ ತನ್ನದನ್ನು ದಾಟಿಸಿದ. "ಅವಳ ಹತ್ರ ಹೇಳು. ಫೋಟೋ ಎಲ್ಲ ಅವಳದ್ದೇ ಡಿಪಾರ್ಟ್‌ಮೆಂಟು."

"ಸುಪ್ರೀ! ಹೇಗೆ ಬೇಕು ಹೇಳು. ಬ್ಯಾಕ್‌ಗ್ರೌಂಡ್ ಎಂತ ಇರ್ಬೇಕು?" ರೋಶೆಲ್ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನೋವಿನಲ್ಲಿ ಬಂದವರ ಹತ್ತಿರ ಮಾತಾಡಿ ಮಾತಾಡಿ ಅವರ ದನಿಗೆ ಒಂದು ಮೆತ್ತೆ ಕೂತಿತ್ತು.

"ಒಂದೇ ಬಣ್ಣ ಇದ್ದರೆ ಒಳ್ಳೇದು."

"ಓಕೆ. ಟೆರೇಸಿನಲ್ಲಿ ತೆಗೀತೇವೆ, ಆಕಾಶ ಮಾತ್ರ ಬರುವ ಹಾಗೆ." ಆಮೇಲೆ ಸ್ವಲ್ಪ ತಡೆದು, ನಗುತ್ತಲೇ, "ನಾನೂ ನಿಲ್ಬೇಕಾ?"

ಅಣ್ಣನದ್ದು ಮಾತ್ರ ಸಾಕು. ಇಷ್ಟೇ ಹೇಳಬೇಕಿದ್ದದ್ದು. ಅಡುಗೆಮನೆಯಿಂದ ಕುಕ್ಕರಿನ ಸೀಟಿ ಬಂತು. ಸುಪ್ರೀತಾ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಯಾವುದೋ ಕೆಂಪು ದಿನವನ್ನು ನೋಡುತ್ತ, "ಹ್ಞಾಂ, ಇಬ್ಬರದ್ದೂ ಕಳಿಸಿ," ಎಂದಳು. ಅದು ಧೈರ್ಯದಿಂದ ಬಂದದ್ದಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಇಲ್ಲ ಎನ್ನಲು ಒಂದು ಇಡೀ ವಾಕ್ಯ ಕಟ್ಟಬೇಕು, ಹ್ಞಾಂ ಎನ್ನಲು ಬಾಯಿಯನ್ನೂ ಪೂರ್ತಿ ತೆರೆಯಬೇಕಿಲ್ಲ.

ಬಂದ ಫೋಟೋದಲ್ಲಿ ರೋಶೆಲ್ ಸೀರೆ ಉಟ್ಟಿದ್ದರು. ಸುಪ್ರೀತಾ ಅವರನ್ನು ಸೀರೆಯಲ್ಲಿ ಎಂದೂ ನೋಡಿರಲಿಲ್ಲ. ತಿಳಿನೀಲಿ ಸೀರೆ, ಅದೇ ಬಣ್ಣದ ರವಿಕೆ. ಸೆರಗನ್ನು ಹೆಗಲ ಮೇಲೆ ಯಾರೋ ಕಲಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿ ಪಿನ್ನು ಮಾಡಿದ್ದರು. ಜೊತೆಗೊಂದು ಮೆಸೇಜು ಇತ್ತು. 'ಮನಾಮಾದಲ್ಲಿ ತಗೊಂಡದ್ದು. ವೀಡಿಯೋ ನೋಡಿ ಉಟ್ಟೆ, ನಗ್ಬೇಡ. ಪಪ್ಪನಿಗೆ ನೀಲಿ ಇಷ್ಟ ಅಂತ ಪ್ರಖ್ಯಾತ್ ಹೇಳಿದ್ರು.' ಹಿಂದಿನ ದಿನ ಅಪರೂಪಕ್ಕೆ ಮಳೆ ಬಂದು ಗಾಳಿಯ ಧೂಳೆಲ್ಲ ಕೂತು, ಜನವರಿಯ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ಎಡಗಡೆ ರೋಶೆಲ್, ಬಲಗಡೆ ಕೆನೆಬಣ್ಣದ ಅಂಗಿಯ ಅಣ್ಣ, ಅವನ ಭುಜದ ಮೇಲೆ ಅವರ ಕೈ. ಕೈಯಲ್ಲಿ ಉಂಗುರ. ಅಣ್ಣ ಯಾವುದೋ ಜೋಕಿಗೆ ನಗುವುದನ್ನು ತಡೆದುಕೊಂಡವನ ಹಾಗಿದ್ದ.

ನಿನ್ನೆ ಸಂಜೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಾಗ ಅಮ್ಮ ಹಿಂದೆ ಬಂದು ನಿಂತಳು. ಹಿನ್ನೆಲೆಯನ್ನು ಅಂಗಡಿಯ ಸಂಗ್ರಹದಿಂದ ಅಮ್ಮನೇ ಆರಿಸಿದ್ದಳು. ಬಿಳಿ ಕಂಬಗಳ ಒಂದು ಹಜಾರ, ಮೇಲಕ್ಕೆ ಹೋಗುವ ಅಗಲವಾದ ಮೆಟ್ಟಿಲು, ಅವರ ಯಾವ ಮನೆಯಲ್ಲೂ ಇಲ್ಲದ ಮೆಟ್ಟಿಲು. ಸುಪ್ರೀತಾ ಮೊದಲು ತನ್ನನ್ನು ಕೂರಿಸಿದಳು. ಯಾರನ್ನು ಮೊದಲು ಕೂರಿಸುತ್ತೇವೋ ಅವರು ಎಲ್ಲರಿಗಿಂತ ಹಿಂದೆ ಹೋಗುತ್ತಾರೆ. ಆಮೇಲೆ ದೀಪಾವಳಿಗೆ ತೆಗೆದ ಪಪ್ಪ, ಅಮ್ಮ. ಕೊನೆಗೆ ಇಬ್ಬರೂ ಇದ್ದ ಅಣ್ಣನ ಫೋಟೋ ಎತ್ತಿಕೊಂಡು ಮೂರನೆಯ ಬಟನ್ ಒತ್ತಿದಳು. ಯಾವ ಬಣ್ಣ ಬಿಡಬೇಕೆಂದು ಈ ಸಲವೂ ಹೇಳಲಿಲ್ಲ.

ಪ್ರೋಗ್ರಾಮ್ ಮೂಲೆ ನೋಡಿತು. ಕೆಳಗಿನ ಎಡ ಮೂಲೆಯಲ್ಲಿದ್ದದ್ದು ಆಕಾಶವಲ್ಲ, ರೋಶೆಲ್‌ರ ಸೀರೆ. ನೀಲಿ ಹೋಯಿತು. ಆಕಾಶ ಹೋಯಿತು, ಅದರ ಹತ್ತಿರದ ಛಾಯೆ ಎಂದು ಸೆರಗು ಹೋಯಿತು, ನೆರಿಗೆ ಹೋಯಿತು, ರವಿಕೆ ಹೋಯಿತು. ರೋಶೆಲ್‌ರ ಮುಖದ ಕೆಳಗೆ, ಮೈ ಇರಬೇಕಾದಲ್ಲಿ, ಹಜಾರದ ಮೆಟ್ಟಿಲುಗಳು ಶುರುವಾಗಿದ್ದವು. ಮುಖ ನಗುತ್ತಲೇ ಇತ್ತು. ಒಂದು ಮೊಣಕೈ, ಒಂದು ಕೈ.

ಅಮ್ಮ ಬಗ್ಗಿ ನೋಡಿದಳು. ಅವಳ ಉಸಿರು ಸುಪ್ರೀತಾಳ ನೆತ್ತಿಗೆ ತಾಗುತ್ತಿತ್ತು. ಮುಂಡಪ್ಪನ ಕಾರ್ಡು ನೋಡಿದ ದಿನದ ಬಿಸಿ ಕಿವಿಗೆ ಬರುತ್ತದೆ ಎಂದು ಸುಪ್ರೀತಾ ಕಾದಳು. ಬರಲಿಲ್ಲ. ಬಂದದ್ದು ಒಂದು ನಿರುದ್ವಿಗ್ನ ಕುತೂಹಲ. ಓಹೋ, ಮೂಲೆ ಅಲ್ಲಿ ಬಿತ್ತು, ಎಂದಷ್ಟೇ ಅನಿಸಿತು. ತಾನು ಇಷ್ಟು ತಣ್ಣಗೆ ಇದನ್ನು ನೋಡಬಲ್ಲೆ ಎಂಬುದನ್ನೂ ಅವಳು ಅಷ್ಟೇ ತಣ್ಣಗೆ ನೋಡಿದಳು.

"ಅದರಷ್ಟಕ್ಕೇ ಹೋಯ್ತಾ?" ಎಂದಳು ಅಮ್ಮ.

"ಹ್ಞಾಂ. ನಾನೇನೂ ಮಾಡ್ಲಿಲ್ಲ."

"ನೀನು ಮಾಡಿದ್ದು ಅಂತ ಯಾರು ಹೇಳಿದ್ದು?" ಅಮ್ಮನ ದನಿ ಹಗುರಾಗಿತ್ತು. ಎಷ್ಟೋ ದಿನದಿಂದ ಯಾರು ಮಾಡಬೇಕು ಎಂದು ತಿಳಿಯದೆ ಉಳಿದ ಕೆಲಸವೊಂದು ತಾನೇ ಮುಗಿದ ಹಾಗೆ. "ಇನ್ನು ಮುಖ ಒಂದು ತೆಗೆದರೆ ಆಯ್ತು."

ಮುಖ ತೆಗೆಯುವುದು ಸುಲಭವಿತ್ತು, ಅದರ ಸುತ್ತ ಏನೂ ಉಳಿದಿರಲಿಲ್ಲ. ಸುಪ್ರೀತಾ ಒಂದು ಚೌಕ ಎಳೆದಳು, ಚೌಕದೊಳಗೆ ಕಂಬ ಬಂದು ನಿಂತಿತು. ಮೊಣಕೈ ಹೋಯಿತು, ಮಣಿಕಟ್ಟು ಹೋಯಿತು. ಬೆರಳುಗಳು ಹೋಗಲಿಲ್ಲ. ಅವು ಅಣ್ಣನ ಅಂಗಿಯ ಮೇಲಿದ್ದವು. ಅವನ್ನು ಅಳಿಸಿದರೆ ಅಣ್ಣನ ಭುಜದಲ್ಲೊಂದು ತೂತು ಬಿದ್ದು ಅದರಲ್ಲಿ ಮೆಟ್ಟಿಲು ಕಾಣುತ್ತದೆ. ಬೆರಳಿನ ಕೆಳಗೆ ಅಂಗಿ ಹೇಗಿತ್ತು ಎಂದು ಚಿತ್ರಕ್ಕೆ ಗೊತ್ತಿಲ್ಲ. ಒಂದು ಜಾಗದಲ್ಲಿ ಒಂದೇ ಚುಕ್ಕೆ, ಅದರಡಿಗೆ ಏನನ್ನೂ ಅದು ಇಟ್ಟುಕೊಂಡಿರುವುದಿಲ್ಲ.

"ಆಚೆ ಭುಜದಿಂದ ಸ್ವಲ್ಪ ಬಟ್ಟೆ ತಂದು ಇಲ್ಲಿ ಮುಚ್ಚಲಿಕ್ಕೆ ಆಗುದಿಲ್ವಾ?" ಅಮ್ಮ ಕೇಳಿದಳು. ಹರಿದ ದಿಂಬಿಗೆ ತೇಪೆ ಹಾಕಿ ಗೊತ್ತಿದ್ದವಳು.

ಆಗುತ್ತಿತ್ತು. ನಾಲ್ಕು ಸಾಲು ಬರೆದರೆ ಆಗುತ್ತಿತ್ತು. ಕೆನೆಬಣ್ಣದ ಅಂಗಿ, ಗೆರೆ ಇಲ್ಲ, ಹೂವಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ.

"ಆಗುದಿಲ್ಲ," ಎಂದಳು ಸುಪ್ರೀತಾ.

ಯಾಕೆ ಹಾಗೆಂದೆ ಎಂದು ರಾತ್ರಿ ದಿನಚರಿಯಲ್ಲಿ ಬರೆಯಲು ಕೂತು, 'ಯಾಕೆ' ಎಂದು ಬರೆದು, ಪೆನ್ನು ಮುಚ್ಚಿದ್ದಳು. ಈಗ ಪ್ರಿಂಟರ್ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಕುಟುಂಬವನ್ನು ಹೊರಗೆ ಹಾಕುತ್ತಿತ್ತು. ಮೊದಲು ಕಂಬಗಳ ತುದಿ, ಆಮೇಲೆ ಅವಳದ್ದೇ ತಲೆ, ಅಣ್ಣನ ಹಣೆ. ಭುಜ ಬರುವ ಹೊತ್ತಿಗೆ ಅವಳು ಎದ್ದು ನೀರು ಕುಡಿಯಲು ಹೋದಳು. ಬರುವಷ್ಟರಲ್ಲಿ ಶೈಲೇಶಣ್ಣ ಬೇರೆ ಗಿರಾಕಿಯ ಜೊತೆ ಮಾತಿನಲ್ಲಿದ್ದರು, ಕ್ಯಾನ್ವಾಸನ್ನು ಯಾರೋ ಚೌಕಟ್ಟಿಗೆ ಬಿಗಿದು ಗುಳ್ಳೆ ಪ್ಲ್ಯಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು.

ಶುಕ್ರವಾರ ಅಣ್ಣ ಬಂದಾಗ ಪಪ್ಪ ಬಾಗಿಲಲ್ಲಿ, "ಗಾಡಿ ಎಲ್ಲಿ ಹಾಕಿದೆ?" ಎಂದು ಕೇಳಿದರು. ಎರಡು ವರ್ಷದಿಂದ ಅವರಿಬ್ಬರ ನಡುವೆ ಗಾಡಿಯ ವಿಷಯ ಮಾತ್ರ ಉಳಿದಿತ್ತು. ಸರ್ವಿಸ್, ಟಯರು, ಇನ್ಶೂರೆನ್ಸು.

"ಕೆಳಗೆ," ಅಂದ ಅಣ್ಣ. ಅವನ ಕೈಯಲ್ಲಿ ಕೀ ಇರಲಿಲ್ಲ. ಸುಪ್ರೀತಾ ನೋಡಿದಳು, ಅಮ್ಮನೂ ನೋಡಿದಳು, ಅಮ್ಮ ಪಾಯಸ ಕಲಕಲು ಹೋದಳು. ಕೆಳಗಿನ ಫ್ಲ್ಯಾಟಿನ ಸುಬೈದಾ ಆಂಟಿ ಒಂದು ಡಬ್ಬಿ ತುಂಬ ಖರ್ಜೂರದ ಹಲ್ವ ತಂದಿದ್ದರು. ಶೈಲೇಶಣ್ಣ ಫೋಟೋವನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬಂದು, "ಪ್ರೇಮಣ್ಣ, ಇದರಲ್ಲಿ ನಿಮಗೆ ಅರವತ್ತು ಅಲ್ಲ, ನಲವತ್ತೇ ಕಾಣುದು. ಎಕ್ಸ್‌ಟ್ರಾ ಚಾರ್ಜ್ ಹಾಕಿಲ್ಲ," ಎಂದು ಗೋಡೆಗೆ ಒರಗಿಸಿದರು. ಅಷ್ಟರಲ್ಲಿ ಸುಪ್ರೀತಾಳ ಫೋನು ಮಿಣುಕಿತು. ಅಣ್ಣ 2. 'ತೆರೆದ್ರಾ? ಪಪ್ಪನಿಗೆ ಇಷ್ಟ ಆಯ್ತಾ? ಸೀರೆ ಸರಿ ಕಾಣ್ತದಾ?' ಸುಪ್ರೀತಾ ಬಾಲ್ಕನಿಗೆ ಹೋದಳು. 'ಇನ್ನೂ ಇಲ್ಲ' ಎಂದು ಟೈಪು ಮಾಡಿದಳು. ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೆ ಇದು ಉತ್ತರ ಎಂದು ತಿಳಿಯದೆ ಅಳಿಸಿದಳು. ಕೆಳಗೆ ಕಸದ ದೊಡ್ಡ ಡಬ್ಬಿಯ ಪಕ್ಕದಲ್ಲಿ ಅಣ್ಣನ ಬೂದು ಕಾರು ನಿಂತಿತ್ತು. ಮೇಲಿನಿಂದ ಅದರ ಚಾವಣಿ ಮಾತ್ರ ಕಾಣುವುದು, ಮತ್ತೆ ಗಾಜು ಇಳಿಸಿದ ಕಿಟಕಿಯಲ್ಲಿ ಆತುಕೊಂಡ ಒಂದು ಕೈ. ಬೆರಳುಗಳು ಬಾಗಿಲಿನ ಮೇಲೆ ಯಾವುದೋ ತಾಳ ಹಾಕುತ್ತಿದ್ದವು. ರೇಡಿಯೋ ಹಾಕಿಕೊಂಡಿರಬೇಕು.

"ಸುಪ್ರೀ, ಬಾ, ತೆಗೀತಾರೆ!" ಎಂದು ಒಳಗಿನಿಂದ ಅಮ್ಮ ಕರೆದಳು.

ಪಪ್ಪ ಪ್ಲ್ಯಾಸ್ಟಿಕ್ಕನ್ನು ಹರಿಯಲಿಲ್ಲ. ಟೇಪಿನ ತುದಿಯನ್ನು ಹುಡುಕಿ, ಬಿಡಿಸಿ, ಮಡಚಿ ಬದಿಗಿಟ್ಟರು. ಮೀನಾ ಸಲ್ಮಾನಿನಲ್ಲಿ ಹಡಗುಗಳಿಗೆ ಸಾಮಾನು ಕಳಿಸುವ ಗೋದಾಮನ್ನು ಮೂವತ್ತು ವರ್ಷ ನೋಡಿಕೊಂಡ ಕೈ ಅದು, ಬಂದ ಪೆಟ್ಟಿಗೆಯನ್ನು ನೋಡದೆ ಒಳಗೆ ಬಿಡುತ್ತಿರಲಿಲ್ಲ.

"ಮಾಶಾ ಅಲ್ಲಾಹ್, ಎಲ್ಲ ಒಟ್ಟಿಗೆ ಉಂಟು," ಎಂದರು ಸುಬೈದಾ ಆಂಟಿ, ಅಮ್ಮನ ಕಡೆ ತಿರುಗಿ. "ಎಷ್ಟು ಚಂದ ವಿನೋದಕ್ಕ, ಒಂದೇ ಕಡೆ ನಿಂತು ತೆಗೆದ ಹಾಗೇ ಉಂಟು."

"ಮತ್ತೆ? ನಮ್ಮ ಇಂಜಿನಿಯರಮ್ಮನ ಕೆಲಸ ಅಲ್ವಾ," ಶೈಲೇಶಣ್ಣ ಹೇಳಿದರು.

ಪಪ್ಪ ಕನ್ನಡಕ ಹಾಕಿಕೊಂಡರು. ಮೊದಲು ಅಮ್ಮನನ್ನು ನೋಡಿದರು, ಆಮೇಲೆ ತಮ್ಮನ್ನು, ಹಿಂದೆ ಅರ್ಧ ಮರೆಯಾದ ಸುಪ್ರೀತಾಳನ್ನು. ಅಣ್ಣನ ಮುಖದ ಹತ್ತಿರ ತುಂಬ ಹೊತ್ತು ನಿಂತರು. ಪಪ್ಪನಿಗೂ ಇದು ಬೇಕಾಗಿತ್ತು ಎಂದು ಸುಪ್ರೀತಾಳಿಗೆ ಆಗ ತಿಳಿಯಿತು. ಬೇಕಾದದ್ದನ್ನು ಹೇಳಲು ಈ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಆಮೇಲೆ ಪಪ್ಪ ಬಗ್ಗಿದರು. ಕ್ಯಾನ್ವಾಸ್ ದೊಡ್ಡದು, ಬೆರಳುಗಳು ನಿಜವಾದ ಬೆರಳಿನಷ್ಟೇ ದೊಡ್ಡವಾಗಿದ್ದವು. ಉಂಗುರದ ಅಂಚಿನಲ್ಲಿ ಟೆರೇಸಿನ ಬಿಸಿಲಿನ ಒಂದು ಚುಕ್ಕೆ.

"ಇದು ಯಾರ ಕೈ?"

"ಎಲ್ಲಿ? ಅದು ಕಂಪ್ಯೂಟರಿದ್ದು ಎಂತದೋ," ಅಮ್ಮ ಬೇಗ ಬೇಗ ಹೇಳಿದಳು. "ಊಟಕ್ಕೆ ಏಳಿ, ಸಾರು ಆರ್ತದೆ."

ಶೈಲೇಶಣ್ಣ ಹತ್ತಿರ ಬಂದು ನೋಡಿ ಜೋರಾಗಿ ನಕ್ಕರು. "ಪ್ರೇಮಣ್ಣ, ಇದು ಇವಳ ಸಾಫ್ಟ್‌ವೇರಿನ ಮಹಿಮೆ! ಅಲ್ಲಿ ಮುಂಡಪ್ಪನ ಮುಂಡ ಹೋಯ್ತು, ಇಲ್ಲಿ ಯಾರದ್ದೋ ಮುಂಡ ಹೋಗಿ ಕೈ ಮಾತ್ರ ಉಳ್ದಿದೆ. ಭೂತದ ಕೈ! ಚಿಂತೆ ಇಲ್ಲ, ನಾಳೆ ಬೇರೆ ಹೊಡೆದು ಕೊಡ್ತೇನೆ."

ಸುಬೈದಾ ಆಂಟಿ ಅಮ್ಮನ ಮುಖ ನೋಡಿ ನಗಲು ಹೊರಟವರು ನಿಂತರು. ಅಣ್ಣ ಗೋಡೆಯ ಹತ್ತಿರ ತನ್ನ ಭುಜವನ್ನು, ಅಲ್ಲೇನೋ ಧೂಳು ಕೂತಿದೆ ಎಂಬಂತೆ, ತನ್ನದೇ ಕೈಯಿಂದ ಹಿಡಿದುಕೊಂಡು ನಿಂತಿದ್ದ. ಅವನು ಸುಪ್ರೀತಾಳ ಕಡೆ ನೋಡಲಿಲ್ಲ. ನೋಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತೋ ಏನೋ. ಫೋನು ಅಂಗೈಯಲ್ಲಿ ಇನ್ನೊಮ್ಮೆ ನಡುಗಿತು.

"ಭೂತದ್ದಲ್ಲ, ಉಂಗುರ ಉಂಟು," ಎಂದರು ಪಪ್ಪ. ಕನ್ನಡಕದ ಮೇಲಿಂದ ಮಗಳನ್ನು ನೋಡಿದರು. "ಸುಪ್ರೀ, ನೀನಲ್ವಾ ಮಾಡಿದ್ದು? ಯಾರದ್ದು ಇದು?"

ಹೆಸರು ಹೇಳಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ. 'ಅವರದ್ದು' ಎಂದಿದ್ದರೂ ಇಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು, ಎರಡು ವರ್ಷದಿಂದ ಹಾಗೆಯೇ ತಿಳಿದುಕೊಂಡು ಬಂದವರು. ಏನೂ ಹೇಳದಿದ್ದರೆ ಅಮ್ಮ ಊಟಕ್ಕೆ ಎಬ್ಬಿಸುತ್ತಿದ್ದಳು, ನಾಳೆ ಶೈಲೇಶಣ್ಣ ಭುಜಕ್ಕೆ ಬಟ್ಟೆ ಹಾಕಿಸುತ್ತಿದ್ದರು. ಅವಳಿಗೆ ಬಚ್ಚಲಲ್ಲಿ ಬಿಟ್ಟ ಕೂದಲಿನ ಉಂಡೆ ನೆನಪಾಯಿತು, ಸೋಫಾದ ಕೆಳಗಿನ ಲೋಟ ನೆನಪಾಯಿತು. ಕಿವಿ ಬಿಸಿಯಾಯಿತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳುವಾಗ ಸಣ್ಣದೊಂದು ಶಬ್ದವಾಯಿತು, ಎಲ್ಲರಿಗೂ ಕೇಳಿಸಿತೇನೋ ಎಂದು ನಾಚಿಕೆಯಾಯಿತು.

"ಅತ್ತಿಗೆಯ ಕೈ, ಪಪ್ಪ," ಎಂದಳು.